ನನ್ನ ಹೆಸರಿನ ಎಲೆಕೋಸು

ಆ ಬೆಳಿಗ್ಗೆಯೂ ನನ್ನನ್ನು ಎಬ್ಬಿಸಿದ್ದು ಹಿತ್ತಲ ಕೊಳಾಯಿ. ಪೆರಂಬೂರಿನ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಐದೂವರೆಗೆ ನೀರು ಬರುತ್ತಿತ್ತು. ಬರುವ ಮುಂಚೆ ಕೊಳಾಯಿ ಒಂದೆರಡು ಸಲ ಕೆಮ್ಮಿ, ಬರೀ ಗಾಳಿ ಉಗುಳಿ, ತುಕ್ಕು ಬಣ್ಣದ ಒಂದು ಚೊಂಬು ನೀರು ಕಕ್ಕಿ, ಆಮೇಲೆ ದಾರಿಗೆ ಬರುತ್ತಿತ್ತು. ಅಮ್ಮ ಕುಕ್ಕರುಗಾಲಲ್ಲಿ ಕೂತು ತುಂಬಿಸುವವಳು, ನಾನೂ ತಂಗಿ ರೂಪಾಳೂ ಹೊರುವವರು. ಐದು ಪ್ಲಾಸ್ಟಿಕ್ ಕೊಡ, ಅಜ್ಜಿಯ ಪೂಜೆಯ ನೀರಿಗೆಂದು ಒಂದು ಹಿತ್ತಾಳೆ ಕೊಡ. ಹಿತ್ತಾಳೆಯದರ ಅಂಚು ಸೊಂಟದ ಮೂಳೆಗೆ ಒತ್ತುತ್ತಿತ್ತು. ರೂಪಾ ದಿನವೂ ಹಗುರವಾದ ಕೆಂಪು ಕೊಡಕ್ಕೆ ಕೈ ಹಾಕುವಳು, ನಾನು ದಿನವೂ ಹಿತ್ತಾಳೆಯದಕ್ಕೆ. ಅಡುಗೆಮನೆಯಲ್ಲಿ ಮೊದಲ ಡಿಕಾಕ್ಷನ್ನಿನ ಕಾಫಿ ಅಪ್ಪನಿಗೆ ಮತ್ತು ಅಜ್ಜಿಗೆ. ಮೂರನೆಯ ಲೋಟಕ್ಕೆ ಸ್ವಲ್ಪ ಉಳಿದರೆ ಅದು ರೂಪಾಳಿಗೆ. ಎರಡನೆಯ ಸಲ ಬಿಸಿನೀರು ಹಾಕಿ ಇಳಿಸಿದ ತೆಳ್ಳನೆಯದು ಅಮ್ಮನಿಗೂ ನನಗೂ. ಕಾವಲಿಗೆ ಅಂಟಿಕೊಂಡು ಹರಿದು ಬರುವ ಮೊದಲ ದೋಸೆ ನನ್ನ ತಟ್ಟೆಗೆ. ಇದನ್ನು ಯಾರೂ ನನಗೆ ವಿಧಿಸಿರಲಿಲ್ಲ. ನಾನೇ ತಟ್ಟೆ ಮುಂದಕ್ಕೆ ಹಿಡಿಯುತ್ತಿದ್ದೆ. ಮನೆಯಲ್ಲಿ ನನಗೆ ಅನ್ಯಾಯವಾಯಿತು ಎಂದು ಹೇಳಿಕೊಳ್ಳುವ ಅನುಕೂಲವೂ ನನಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿಟ್ಟಿಗೆ ಬೇರೆ ವಿಳಾಸ ಸಿಕ್ಕಿದ್ದರೆ ಈ ಅಧ್ಯಾಯವನ್ನು ಬರೆಯುವುದು ಸುಲಭವಾಗುತ್ತಿತ್ತು.

ಅವತ್ತು ಜೂನ್ ತಿಂಗಳ ಒಂದು ಬುಧವಾರ. ಹತ್ತನೆಯ ತರಗತಿಯ ಫಲಿತಾಂಶ ಬಂದು ವಾರವಾಗಿತ್ತು. ಹನ್ನೊಂದನೆಯದಕ್ಕೆ ಯಾವ ಗ್ರೂಪ್ ಎಂದು ಬರೆದ ಅರ್ಜಿಯನ್ನು ಕಾನ್ವೆಂಟಿನಲ್ಲಿ ಅಂದು ಮಧ್ಯಾಹ್ನದೊಳಗೆ ಕೊಡಬೇಕಿತ್ತು. ಎರಡನೆಯ ಗ್ರೂಪ್ ಎಂದರೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಅದರ ಜೊತೆಯ ವಿಜ್ಞಾನಗಳು. ಮೂರನೆಯದು ಕಾಮರ್ಸ್. ನನಗೆ ಬೇಕಾಗಿದ್ದದ್ದು ಎರಡನೆಯದು. ಹುಟ್ಟಿದಾಗಿನಿಂದ ನಾನು ಅಷ್ಟು ಆಸೆಪಟ್ಟ ಇನ್ನೊಂದು ವಸ್ತುವಿರಲಿಲ್ಲ, ಮತ್ತು ಅದನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಅಪ್ಪ ಜಗಲಿಯ ಕಿಟಕಿಯ ಸರಳಿಗೆ ಕನ್ನಡಿ ತೂಗುಹಾಕಿ ಗಡ್ಡ ಹೆರೆಯುತ್ತಿದ್ದರು. ಏಳು ಗಂಟೆಗೆ ವರ್ಕ್‌ಶಾಪಿನ ಸೈರನ್ ಕೂಗುವಷ್ಟರಲ್ಲಿ ಅವರು ಸೈಕಲ್ ಮೇಲಿರಬೇಕು.

"ಸುಮಾ, ಬಾ ಇಲ್ಲಿ. ತೀರ್ಮಾನ ಆಯ್ತಾ?"

"ಆಯ್ತಪ್ಪ."

"ಏನು?"

"ಸೆಕೆಂಡ್ ಗ್ರೂಪ್ ಅಂತ..."

"ಅಂತ ಅಂದ್ರೆ? ಬೇಕೋ ಬೇಡ್ವೋ?"

"ಬೇಕು ಅನ್ಸುತ್ತೆ. ಸಿಗದೇ ಹೋದ್ರೆ ಏನಾದ್ರೂ ಸರಿ."

ಅಪ್ಪನ ರೇಜರು ಕೆನ್ನೆಯ ಮೇಲೆ ಅರ್ಧದಲ್ಲಿ ನಿಂತಿತು. ಒಳಗಿನಿಂದ ಅಮ್ಮ ಸೌಟು ಹಿಡಿದುಕೊಂಡೇ ಬಂದಳು.

"ಹೆಣ್ಣುಮಕ್ಕಳನ್ನ ಕೋರ್ಟಲ್ಲಿ ಕೇಳ್ದಂಗೆ ಕೇಳ್ತೀರಲ್ಲ. ಅದಕ್ಕೇನು ಗೊತ್ತಾಗುತ್ತೆ? ನೀವೇ ಒಂದು ಬರ್ದು ಕಳ್ಸಬಾರ್ದಾ?"

"ನನ್ನನ್ನ ಯಾರೂ ಕೇಳ್ಲಿಲ್ಲ ಕಣೇ. ನಮ್ಮಪ್ಪ ಕೈ ಹಿಡ್ಕೊಂಡು ಹೋಗಿ ಐಟಿಐ ಬಾಗಿಲಲ್ಲಿ ಬಿಟ್ಟು ಬಂದ್ರು. ಇಪ್ಪತ್ತು ವರ್ಷದಿಂದ ಲೇತ್ ಮುಂದೆ ನಿಂತಿದ್ದೀನಿ. ನನಗೇನು ಇಷ್ಟ ಇತ್ತು ಅಂತ ಈಗ ಕೇಳಿದ್ರೆ ಅದೂ ಮರ್ತೋಗಿದೆ. ನನ್ನ ಮಕ್ಕಳನ್ನ ನಾನು ಕೇಳೇ ಕೇಳ್ತೀನಿ."

"ಕೇಳಿ, ಕೇಳಿ. ಇವಳೇನೋ ಪಾಪದೋಳು. ಚಿಕ್ಕೋಳು ನಾಳೆ ನಿಮ್ಮ ತಲೆ ಮೇಲೆ ಕೂತ್ಕೊಂಡು ಹೇಳ್ತಾಳೆ, ಆಗ ಗೊತ್ತಾಗುತ್ತೆ."

"ನಾನೇನ್ ಮಾಡ್ದೆ ಈಗ? ಸುಮ್ನೆ ದೋಸೆ ತಿಂತಿದ್ದೀನಲ್ಲ," ಎಂದು ರೂಪಾ ಒಳಗಿನಿಂದ ಕೂಗಿದಳು. ಅಪ್ಪ ಸೋಪಿನ ನೊರೆಯ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಅರ್ಜಿಯನ್ನು ಗೋಡೆಗೆ ಒತ್ತಿ ಹಿಡಿದು, ಗ್ರೂಪಿನ ಜಾಗವನ್ನು ಖಾಲಿ ಬಿಟ್ಟು ಕೆಳಗೆ ಸಹಿ ಮಾಡಿದರು. "ತಗೋ. ನೀನೇ ತುಂಬು. ಸಾಯಂಕಾಲ ಬಂದು ಕೇಳ್ತೀನಿ," ಎಂದರು. ಹದಿನೈದು ವರ್ಷದ ಹುಡುಗಿಯ ಕೈಗೆ ಖಾಲಿ ಕಾಗದದ ಮೇಲೆ ಸಹಿ ಹಾಕಿಕೊಟ್ಟ ಅಪ್ಪ ಆ ಸಾಲಿನ ಮನೆಗಳಲ್ಲಿ ಇನ್ನೊಬ್ಬರಿರಲಿಲ್ಲ.

ಕೇಳುವುದು ಅಪ್ಪನ ಹೆಮ್ಮೆ, ಅವರ ಏಕೈಕ ಷೋಕಿ. ಶನಿವಾರ ಸಂಜೆ ಅವರು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಮನೆಯ ಐದೂ ಜನರ ಹೆಸರನ್ನು ಒಂದರ ಕೆಳಗೊಂದು ಬರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಎರಡು ದೊಡ್ಡ ಚೀಲ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡು, ಆಗಿನ್ನೂ ಹೊಸದಾಗಿದ್ದ ಕೋಯಂಬೇಡಿನ ಮಾರುಕಟ್ಟೆಗೆ ಬಸ್ಸಿನಲ್ಲಿ ಹೋಗುವರು. ಒಬ್ಬೊಬ್ಬರ ಹೆಸರಿಗೆ ಒಂದು ತರಕಾರಿ, ಅವರವರ ಇಷ್ಟದ್ದು. ಅಜ್ಜಿ ಹಾಗಲಕಾಯಿ ಎನ್ನುವಳು. ಅಮ್ಮ ತನಗೇನೂ ಬೇಡ ಎಂದು ಶುರುಮಾಡಿ, ನುಗ್ಗೇಕಾಯಿಗೆ ಬಂದು ನಿಲ್ಲುವಳು. ರೂಪಾ ಒಂದು ವಾರ ಆಲೂಗಡ್ಡೆ, ಒಂದು ವಾರ ಬೇಬಿಕಾರ್ನ್. ಅದನ್ನು ಅವಳು ಯಾರದೋ ಮನೆಯ ಟೀವಿಯಲ್ಲಿ ನೋಡಿದ್ದಳು. ಅಪ್ಪ ಅದನ್ನೂ ಹುಡುಕಿ ತಂದಿದ್ದರು. ನನ್ನ ಹೆಸರು ಬಂದಾಗ ನಾನು ಹೇಳುತ್ತಿದ್ದದ್ದು ಒಂದೇ ಮಾತು.

"ಏನಾದ್ರೂ ಸರಿ ಅಪ್ಪ."

ಅಪ್ಪನ ಪಟ್ಟಿಯಲ್ಲಿ ಖಾಲಿ ಜಾಗ ಬಿಡುವಂತಿರಲಿಲ್ಲ. ಯಾವ ಕಾಲದಲ್ಲೂ ಸಿಗುವುದು, ಚೀಲದಲ್ಲಿ ಜಜ್ಜಿಹೋಗದೆ ಬರುವುದು ಎಂದು ಅವರು ನನ್ನ ಹೆಸರಿನ ಮುಂದೆ ಕೋಸು ಎಂದು ಬರೆದರು. ಮುಂದಿನ ವಾರವೂ ಅದೇ. ವರ್ಷಗಟ್ಟಲೆ ನನ್ನ ಹೆಸರಿನಲ್ಲಿ ಎಲೆಕೋಸು ಬಂತು. ಎಲೆಕೋಸು ಬೇಯುವ ವಾಸನೆಗೆ ನನಗೆ ಹೊಟ್ಟೆ ತೊಳಸುತ್ತಿತ್ತು. ಅದನ್ನು ಹೇಳದೆ ನುಂಗಿದೆ. ಮನೆಯವರು ನಾನು ಎಲೆಕೋಸೆಂದರೆ ಪ್ರಾಣ ಬಿಡುತ್ತೇನೆಂದು ನಂಬಿದರು. ಬಂದ ನೆಂಟರಿಗೆ ಅಜ್ಜಿ ಅದನ್ನೇ ಹೇಳಿದಳು. ನನ್ನ ಮದುವೆಯ ಮಾತುಕತೆಯಲ್ಲಿ ಅಮ್ಮ ನನ್ನ ಅತ್ತೆಗೂ ಹೇಳಿದಳು. ಕಳೆದ ತಿಂಗಳು ನಾನು ತವರಿಗೆ ಹೋದಾಗ, ಈಗ ಸೊಂಟ ಬಗ್ಗಿರುವ ಅಮ್ಮ, ಮಂಡಿನೋವು ಇಟ್ಟುಕೊಂಡು ಅರ್ಧ ಗಂಟೆ ನಿಂತು ಕೋಸನ್ನು ಸಣ್ಣಗೆ ಹೆಚ್ಚಿ ಪಲ್ಯ ಮಾಡಿದ್ದಳು. ನಾನು ಎರಡು ಸಲ ಬಡಿಸಿಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಕಿಟಕಿಯ ಸರಳನ್ನು ಹಿಡಿದ ಕೈ ನೋಯುತ್ತಿತ್ತು.

ಈ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಆರನೆಯ ತರಗತಿಯವರೆಗೆ ನಾನೂ ರೂಪಾಳ ಹಾಗೆಯೇ ನೆಲಕ್ಕೆ ಬಿದ್ದು ಹಠ ಮಾಡಿದ್ದೇನೆಂದು ಅಜ್ಜಿ ಹೇಳುತ್ತಿದ್ದಳು. ಆ ವರ್ಷ ನನ್ನನ್ನು ರೈಲ್ವೆ ಶಾಲೆಯಿಂದ ಬಿಡಿಸಿ ಕಾನ್ವೆಂಟಿಗೆ ಸೇರಿಸಿದರು. ಅಲ್ಲಿ ಸಿಸ್ಟರ್ ಫಿಲೋಮಿನಾ ಎಂಬ ವಯಸ್ಸಾದ ಸಿಸ್ಟರ್ ಇದ್ದರು. ಅವರ ಬಿಳಿ ಉಡುಪಿನಿಂದ ಇಸ್ತ್ರಿಯ ಗಂಜಿಯ ವಾಸನೆ ಬರುತ್ತಿತ್ತು, ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಫೆಬ್ರವರಿಯ ಒಂದು ದಿನ ಅವರು ಇಡೀ ತರಗತಿಗೆ, ಕ್ರಿಶ್ಚಿಯನ್ನರೆನ್ನದೆ ಹಿಂದೂಗಳೆನ್ನದೆ, ಒಬ್ಬೊಬ್ಬರಿಗೆ ಒಂದು ದಾರ ಹಂಚಿದರು. ದಾರದಲ್ಲಿ ಹತ್ತು ಕಂದು ಮಣಿ. ಬಿಗಿಯಾಗಿ ಪೋಣಿಸಿದ್ದರಿಂದ ಎಳೆದರೆ ಮಾತ್ರ ಸರಿಯುತ್ತಿದ್ದವು.

"ನಿನಗೆ ಇಷ್ಟವಾದ್ದನ್ನು ನೀನು ಬಿಟ್ಟುಕೊಟ್ಟಾಗ ಒಂದು ಮಣಿ ಎಳೆಯಬೇಕು. ರಾತ್ರಿ ಎಲ್ಲವನ್ನೂ ಹಿಂದಕ್ಕೆ ಸರಿಸಿ ಬೆಳಿಗ್ಗೆ ಮತ್ತೆ ಶುರು. ಯಾರಿಗೂ ಹೇಳಬಾರದು. ಹೇಳಿದರೆ ಆ ಮಣಿ ಸಲ್ಲುವುದಿಲ್ಲ."

ಸಿಸ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡೆ. ಕನ್ನಡದಲ್ಲಿ ಅದಕ್ಕೆ ನಮ್ಮ ಮನೆಯಲ್ಲಿದ್ದ ಮಾತು ವ್ರತ. ಅಜ್ಜಿ ಹದಿನಾರು ಸೋಮವಾರದ ವ್ರತ ಹಿಡಿದದ್ದನ್ನು ನಾನು ಹತ್ತಿರದಿಂದ ನೋಡಿದ್ದೆ. ಒಂದು ಹೊತ್ತಿನ ಊಟ, ಉಪ್ಪಿಲ್ಲದ ಹೆಸರುಬೇಳೆ, ಸಂಜೆಯವರೆಗೆ ಬಾಡಿದ ಮುಖ. ಹದಿನಾರು ಮುಗಿದ ಮೇಲೆ ಪುರೋಹಿತರನ್ನು ಕರೆಸಿ ಉದ್ಯಾಪನೆ ಮಾಡಿಸಿದ್ದಳು. ಕಲಶ, ಹೋಮ, ಮುತ್ತೈದೆಯರಿಗೆ ಬಾಗಿನ. "ಉದ್ಯಾಪನೆ ಆಗೋವರೆಗೂ ವ್ರತ ಬಿಡಬಾರ್ದು ಕಂದ. ಮಧ್ಯದಲ್ಲಿ ಬಿಟ್ರೆ ಮನೆಗೆ ಒಳ್ಳೇದಾಗಲ್ಲ," ಎಂದು ಹೋಮದ ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ ಹೇಳಿದ್ದಳು. ಸಿಸ್ಟರ್ ಕೊಟ್ಟ ಮಣಿಗಳಿಗೂ ಹೀಗೊಂದು ಕೊನೆ ಇದ್ದೀತು, ಅದನ್ನವರು ಹೇಳಿಯಾರು ಎಂದು ನಾನು ಕಾದೆ. ಮಾರ್ಚಿನ ಕೊನೆಗೆ ನನ್ನ ಮೈಮೇಲೆ ಅಮ್ಮ, ಅಂದರೆ ನೀರುಸಿಡುಬು, ಎದ್ದಿತು. ಬೇವಿನ ಸೊಪ್ಪಿನ ಮೇಲೆ ಮಲಗಿ, ತುರಿಕೆಯನ್ನು ಕೆರೆಯದೆ ಬಿಟ್ಟು, ಅದಕ್ಕೂ ಒಂದೊಂದು ಮಣಿ ಎಳೆದೆ. ನಾನು ಮತ್ತೆ ಶಾಲೆಗೆ ಹೋದದ್ದು ಬೇಸಿಗೆ ರಜೆ ಕಳೆದು ಜೂನಿನಲ್ಲಿ. ಅಷ್ಟರಲ್ಲಿ ಸಿಸ್ಟರ್ ಫಿಲೋಮಿನಾ ಅವರನ್ನು ಬೇರೆ ಊರಿಗೆ ಕಳಿಸಿದ್ದರು. ಏಳನೆಯ ತರಗತಿಯಿಂದ ಕ್ರಿಶ್ಚಿಯನ್ ಹುಡುಗಿಯರಿಗೆ ಧರ್ಮಪಾಠ ಬೇರೆ, ನಮಗೆ ನೀತಿಪಾಠ ಬೇರೆ ಕೋಣೆಯಲ್ಲಿ. ಮಣಿಗಳ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಬಾರದೆಂದೇ ಅಲ್ಲವೇ ಇದ್ದದ್ದು. ನನ್ನ ದಾರ ನನ್ನಲ್ಲೇ ಉಳಿಯಿತು.

ಈಗ ಯೋಚಿಸಿದರೆ ನಗು ಬರಬೇಕು, ನನಗೆ ಬರುವುದಿಲ್ಲ. ಹತ್ತು ವರ್ಷದ ಹುಡುಗಿ ಸಿಸ್ಟರ್ ಕೊಟ್ಟ ವ್ರತವನ್ನು ಅಜ್ಜಿಯ ನಿಯಮಕ್ಕೆ ಕಟ್ಟಿಹಾಕಿಕೊಂಡಳು. ಒಂದರಲ್ಲಿ ಯಾರಿಗೂ ಹೇಳುವಂತಿಲ್ಲ, ಇನ್ನೊಂದರಲ್ಲಿ ಉದ್ಯಾಪನೆಯಿಲ್ಲದೆ ಬಿಡುವಂತಿಲ್ಲ. ಈ ಉದ್ಯಾಪನೆಗೆ ಯಾವ ಪುರೋಹಿತರನ್ನು ಕರೆಯುವುದು? ಅಜ್ಜಿಯನ್ನು ಕೇಳಿದರೆ ಮಣಿ ಸಲ್ಲುವುದಿಲ್ಲ, ಸಿಸ್ಟರನ್ನು ಕೇಳಿದರೆ ಬಾಗಿನವೆಂದರೇನೆಂದು ಅವರಿಗೆ ಗೊತ್ತಿಲ್ಲ. ನಾನು ಎಳೆಯುತ್ತಲೇ ಹೋದೆ. ಭಾರದ ಕೊಡ ಒಂದು ಮಣಿ, ಹರಿದ ದೋಸೆ ಒಂದು, ಎಲೆಕೋಸು ಒಂದು. ಹಬ್ಬಕ್ಕೆ ಪುರಸೈವಾಕ್ಕಂನ ಅಂಗಡಿಯಲ್ಲಿ ಎರಡು ಲಂಗದ ಬಟ್ಟೆ ಹರಡಿದಾಗ, ನನ್ನ ಕಣ್ಣು ನವಿಲು ಬಣ್ಣದ್ದನ್ನು ಹಿಡಿದಿದ್ದರೂ ಕೈ ಕಂದು ಬಣ್ಣದ್ದರ ಮೇಲೆ ಇಟ್ಟದ್ದಕ್ಕೆ ಒಂದು. ಮೊದಮೊದಲು ಬಿಟ್ಟುಕೊಡುವಾಗ ನೋಯುತ್ತಿತ್ತು, ಆ ನೋವೇ ಮಣಿಯನ್ನು ಎಳೆಯುತ್ತಿತ್ತು. ಒಂದೆರಡು ವರ್ಷಕ್ಕೆ ನೋವು ಹೋಯಿತು, ರೂಢಿ ಉಳಿಯಿತು. ಆಮೇಲೆ ನನಗೆ ಏನು ಇಷ್ಟ ಎಂದು ಗೊತ್ತಾಗುವ ಮುಂಚೆಯೇ ಬೆರಳು ದಾರದ ಮೇಲಿರುತ್ತಿತ್ತು.

ಒಂದನ್ನು ಮಾತ್ರ ಬೆರಳಿಗೆ ತಿಳಿಯದಂತೆ ಬಚ್ಚಿಟ್ಟುಕೊಂಡಿದ್ದೆ. ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ಮೈಕ್ರೋಸ್ಕೋಪಿನ ಕೆಳಗೆ ಈರುಳ್ಳಿಯ ಪೊರೆ ಇಟ್ಟು ತೋರಿಸಿದರು. ಸಾಲಾಗಿ ನಿಂತು ಒಬ್ಬೊಬ್ಬರು ಇಣುಕಿ ಮುಂದೆ ಹೋಗಬೇಕು. ನಾನು ಇಣುಕಿದೆ. ದಿನವೂ ಅಡುಗೆಮನೆಯ ಬುಟ್ಟಿಯಲ್ಲಿ ಬಿದ್ದಿರುವ ಈರುಳ್ಳಿಯೊಳಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳ ಸಾಲು. ಒಂದೊಂದು ಮನೆಯಲ್ಲೂ ಮೂಲೆ ಸೇರಿ ಕೂತ ಒಂದು ಚುಕ್ಕೆ. ಹಿಂದಿನವಳು ಬೆನ್ನಿಗೆ ತಿವಿದರೂ ನಾನು ಕಣ್ಣು ತೆಗೆಯಲಿಲ್ಲ. ಅವತ್ತು ಎರಡನೆಯ ಸಲ ಸಾಲಿನಲ್ಲಿ ನಿಂತೆ, ಮೂರನೆಯ ಸಲವೂ. ಮನೆಗೆ ಬಂದು ದಾಸವಾಳವನ್ನು ಬ್ಲೇಡಿನಲ್ಲಿ ಸೀಳಿ ಬಿಡಿಸಿ ಬರೆದೆ. ಹಿತ್ತಲ ಗೋಡೆಯ ಬಿರುಕಿನಲ್ಲಿ ಬೆಳೆಯುವ ಜರಿಗಿಡದ ಎಲೆಯ ಕೆಳಗೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಎಂದು ಬರುತ್ತವೆ, ಎಂದು ಉದುರುತ್ತವೆ ಎಂದು ನೋಟುಬುಕ್ಕಿನಲ್ಲಿ ಗುರುತು ಹಾಕಿದೆ. ಎರಡನೆಯ ಗ್ರೂಪ್ ಸಿಕ್ಕಿದರೆ ಎರಡು ವರ್ಷ ಆ ಮೈಕ್ರೋಸ್ಕೋಪು ವಾರಕ್ಕೊಮ್ಮೆಯಾದರೂ ನನ್ನದು. ಅದಕ್ಕಿಂತ ಮುಂದಿನದನ್ನು ನಾನು ಕೇಳಿಕೊಂಡಿರಲಿಲ್ಲ.

ಶಾಲೆಯ ಆಫೀಸಿನ ಮುಂದೆ ಅಂಕಗಳ ಪ್ರಕಾರ ಸಾಲು ನಿಲ್ಲಿಸಿದ್ದರು. ಎರಡನೆಯ ಗ್ರೂಪಿನ ಜಾಗಗಳು ಒಂದೊಂದಾಗಿ ತುಂಬಿ, ನನ್ನ ಸರದಿ ಬರುವ ಹೊತ್ತಿಗೆ ಹನ್ನೆರಡೂವರೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕನ್ನಡಕವನ್ನು ಹಣೆಗೇರಿಸಿ ನನ್ನ ಅರ್ಜಿ ನೋಡಿದರು. ಅಪ್ಪನ ಸಹಿ, ಅದರ ಮೇಲೆ ಖಾಲಿ ಗೆರೆ. ತುಂಬಿಕೊಂಡು ಹೋಗು ಎಂದಿದ್ದರು ಅಪ್ಪ. ಬಸ್ಸಿನಲ್ಲಿ ಎರಡು ಸಲ ಪೆನ್ನು ತೆಗೆದಿದ್ದೆ, ಬರೆದಿರಲಿಲ್ಲ.

"ಸುಮಾ, ಸೆಕೆಂಡ್ ಗ್ರೂಪಲ್ಲಿ ಒಂದೇ ಸೀಟು ಉಳಿದಿದೆ. ನಿನ್ನ ಸರದಿ. ಬೇಕಾ?"

ನನ್ನ ಹಿಂದೆ ನಿಂತಿದ್ದವಳು ಕವಿತಾ. ನನಗಿಂತ ಎರಡು ಅಂಕ ಕಡಿಮೆ. ಅವಳೊಂದಿಗೆ ಅವಳ ಅಮ್ಮ ಬಂದಿದ್ದರು. ಸಿಸ್ಟರ್ ಮಾತು ಕೇಳಿ ಕವಿತಾ ಅಳಲು ಶುರುಮಾಡಿದಳು. ಅವಳಮ್ಮ ಮಡಿಸಿದ ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಅವರ ರವಿಕೆಯ ತೋಳು ಬೆವರಿಗೆ ಅಂಟಿತ್ತು, ಹಣೆಯ ಕುಂಕುಮ ಮೂಗಿನ ಮೇಲಕ್ಕೆ ಇಳಿದಿತ್ತು. ನನ್ನ ಬೆರಳು ಯೂನಿಫಾರ್ಮಿನ ಜೇಬಿನೊಳಗೆ ದಾರವನ್ನು ಹುಡುಕಿತು. ನಾಲ್ಕು ವರ್ಷದಲ್ಲಿ ಇಷ್ಟು ದೊಡ್ಡದು ನನ್ನ ಕೈಗೆ ಬಂದಿರಲಿಲ್ಲ.

"ಕವಿತಾಗೆ ಕೊಡಿ ಸಿಸ್ಟರ್. ನನಗೆ ಏನಾದ್ರೂ ಸರಿ."

ಸಿಸ್ಟರ್ ಕನ್ನಡಕ ಕೆಳಗಿಳಿಸಿದರು. "ನಿಜವಾಗ್ಲೂ?" ಎಂದು ಒಂದು ಸಲ ಕೇಳಿದರು. ನಾನು ತಲೆಯಾಡಿಸಿದೆ. "ಗುಡ್ ಗರ್ಲ್," ಎಂದರು, ಖಾಲಿ ಗೆರೆಯ ಮೇಲೆ ತಾವೇ ಮೂರು ಎಂದು ಬರೆದರು. ಆ ಮೂರು ಬರೆಯಲು ಅವರಿಗೆ ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ಕವಿತಾಳ ಅಮ್ಮ ನನ್ನ ಕೆನ್ನೆ ಮುಟ್ಟಿ, "ನಲ್ಲಾ ಇರುಮ್ಮಾ," ಎಂದರು, ಚೆನ್ನಾಗಿರಮ್ಮ ಎಂದು. ಹೊರಗೆ ಬಂದು ಬಾದಾಮಿ ಮರದ ಕೆಳಗೆ ನಿಂತೆ. ಪುಣ್ಯ ಮಾಡಿದವರಿಗೆ ಏನೋ ಅನಿಸುತ್ತದೆಂದು ಕಾದೆ. ಹಸಿವಾಗುತ್ತಿತ್ತು, ಅಷ್ಟೇ.

ಈ ಗಳಿಗೆಯನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಗೊತ್ತಿಲ್ಲ. ಕವಿತಾಳ ಮೇಲಿನ ಪ್ರೀತಿಯಿಂದ ಬಿಟ್ಟುಕೊಟ್ಟೆ ಎಂದುಕೊಂಡರೆ ಸಮಾಧಾನವಾದರೂ ಸಿಗುತ್ತಿತ್ತು. ಅವಳ ಜೊತೆ ನಾನು ವರ್ಷಕ್ಕೆ ನಾಲ್ಕು ಮಾತು ಆಡಿದವಳಲ್ಲ. ಅವಳಮ್ಮನ ಮುಖ ನೋಡಿ ಕರಗಿದೆನೇ? ಸ್ವಲ್ಪ. ಆದರೆ ನಿಜ ಬೇರೆ. ಬೇಕು ಎಂದು ಬಾಯಿಬಿಟ್ಟು ಹೇಳಿ, ಎಲ್ಲರೂ ನೋಡುತ್ತಿರುವಾಗ ಅದನ್ನು ತೆಗೆದುಕೊಳ್ಳುವುದು ನನಗೆ ಬರುತ್ತಿರಲಿಲ್ಲ. ಬಿಟ್ಟುಕೊಡುವುದು ಬರುತ್ತಿತ್ತು. ಬರುವುದನ್ನು ಮಾಡಿದೆ. ಅದಕ್ಕೆ ಒಳ್ಳೆಯತನ ಎಂಬ ಹೆಸರನ್ನು ಬೇರೆಯವರು ಇಟ್ಟರು, ನಾನು ಬೇಡವೆನ್ನಲಿಲ್ಲ. ಕಾಲುವಾರ್ಷಿಕ ಪರೀಕ್ಷೆ ಮುಗಿಯುತ್ತಲೇ ಕವಿತಾಳ ಅಪ್ಪನಿಗೆ ಮಧುರೈಗೆ ವರ್ಗವಾಯಿತು. ಅವರು ಸಾಮಾನು ಕಟ್ಟಿಕೊಂಡು ಹೋದರು. ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಮೂರನೆಯ ಬೆಂಚಿನ ಕೊನೆಯ ಸ್ಟೂಲು ಎರಡು ವರ್ಷ ಖಾಲಿ ಇತ್ತು. ಕಾಮರ್ಸಿನ ತರಗತಿಗೆ ಹೋಗುವ ದಾರಿಯಲ್ಲೇ ಆ ಕಿಟಕಿ. ಹೋಗಿ ಕೇಳಿದ್ದರೆ ಸಿಸ್ಟರ್ ಇಲ್ಲವೆನ್ನುತ್ತಿರಲಿಲ್ಲವೋ ಏನೋ. ನಾನು ಕೇಳಲಿಲ್ಲ. ಆ ಹೊತ್ತಿಗೆ ಜೇಬಿನಲ್ಲಿ ದಾರವೂ ಇರಲಿಲ್ಲ. ಬೆರಳಿಗೆ ದಾರದ ಅಗತ್ಯ ಎಂದೋ ಮುಗಿದಿತ್ತು.

ನನ್ನ ಮಗಳು ನಿತ್ಯಾ ಈಗ ಕಾಲೇಜಿನಲ್ಲಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವವಳು. ಮನಸ್ಸನ್ನು ಬದಲಾಯಿಸಿಕೊಂಡರೆ ಬದುಕು ಬದಲಾಗುತ್ತದೆ, ದಿನಕ್ಕೆ ಒಂದು ಸಲ ಇಲ್ಲ ಎನ್ನುವುದನ್ನು ಅಭ್ಯಾಸ ಮಾಡಿ, ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಿಮಗೆ ಬೇಕಾದ್ದನ್ನು ಮೂರು ಸಲ ಹೇಳಿಕೊಳ್ಳಿ ಎಂಬಂಥ ವಿಡಿಯೋಗಳನ್ನು ನನ್ನ ಫೋನಿಗೆ ಕಳಿಸುತ್ತಾಳೆ. ಅದರಲ್ಲಿ ಮಾತಾಡುವವರ ಶರಟು ಚೆನ್ನಾಗಿ ಇಸ್ತ್ರಿಯಾಗಿರುತ್ತದೆ, ಹಲ್ಲು ಬಿಳಿಯಾಗಿರುತ್ತದೆ. ನಾನು ಕನ್ನಡಿಯ ಮುಂದೆ ನಿಂತೂ ನೋಡಿದೆ. ಹೇಳಲು ಒಂದು ವಸ್ತು ಬೇಕಲ್ಲ! ಹೋದ ವಾರ ಹೋಟೆಲಿನಲ್ಲಿ ಮಾಣಿ ಪಕ್ಕದಲ್ಲಿ ನಿಂತಿದ್ದಾನೆ, ನನ್ನವರು ಆರ್ಡರ್ ಹೇಳಿಯಾಗಿದೆ, ನಿತ್ಯಾಳದ್ದೂ ಆಗಿದೆ.

"ನನಗೂ ಅದೇ ಸಾಕು, ಏನಾದ್ರೂ..."

"ಅಮ್ಮಾ, ಉನಕ್ಕು ಎನ್ನ ವೇಣುಂ? ಅದ ಮಟ್ಟುಂ ಸೊಲ್ಲು. ಪ್ಲೀಸ್."

ನಿನಗೇನು ಬೇಕೋ ಅದಷ್ಟನ್ನೇ ಹೇಳು ಎನ್ನುತ್ತಿದ್ದಾಳೆ, ಬೇಡಿಕೊಳ್ಳುವ ಹಾಗೆ. ಮೆನುವಿನ ಹಾಳೆ ತಿರುವಿದೆ. ಅಕ್ಷರಗಳು ಕಂಡವು. ಅವುಗಳಲ್ಲಿ ಯಾವುದೂ ನನ್ನನ್ನು ಕರೆಯಲಿಲ್ಲ. ಮಾಣಿ ಕಾಲು ಬದಲಿಸಿ ನಿಂತ. ಕೊನೆಗೆ ನಿತ್ಯಾ ನನಗೂ ತಾನೇ ಏನೋ ಹೇಳಿದಳು. ಅವಳ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಸುಸ್ತು. ಆ ಸುಸ್ತನ್ನು ನಾನು ಮೊದಲು ನೋಡಿದ್ದು ಅಪ್ಪನ ಮುಖದಲ್ಲಿ, ಆ ಬುಧವಾರದ ಸಂಜೆ.

ಅಪ್ಪ ಅವತ್ತು ಬರುವಾಗಲೇ ಒಂದು ಕಾಗದದ ಪೊಟ್ಟಣ ತಂದಿದ್ದರು. ಚಪ್ಪಲಿ ಬಿಡದೆ ನನ್ನನ್ನು ಕರೆದರು. ಪೊಟ್ಟಣದಲ್ಲಿ ಮರದ ಹಿಡಿಯ ಒಂದು ಭೂತಗನ್ನಡಿ ಇತ್ತು. ವರ್ಕ್‌ಶಾಪಿನಲ್ಲಿ ಅಳತೆಯ ಸಣ್ಣ ಗೆರೆಗಳನ್ನು ನೋಡಲು ಬಳಸುತ್ತಿದ್ದ ಗಾಜು, ಅಂಚು ಮುಕ್ಕಾಗಿದೆಯೆಂದು ಎಸೆದದ್ದನ್ನು ಸ್ಟೋರಿನವರನ್ನು ಕೇಳಿ ಪಡೆದು, ಊಟದ ಬಿಡುವಿನಲ್ಲಿ ಲೇತಿನ ಮೇಲೆ ತಾವೇ ಹಿಡಿ ಕಡೆದು ಕೂರಿಸಿದ್ದರು. ಹಿಡಿಗೆ ಇನ್ನೂ ವಾರ್ನಿಷ್ ವಾಸನೆ. ನಾನು ಜರಿಗಿಡದ ಚುಕ್ಕೆಗಳನ್ನು ನೋಡುತ್ತಾ ಹಿತ್ತಲಲ್ಲಿ ಕೂರುತ್ತಿದ್ದದ್ದನ್ನು ಅವರು ನೋಡಿದ್ದರೆಂದು ನನಗೆ ಗೊತ್ತಿರಲಿಲ್ಲ.

"ತಗೋ, ಬಾಟನಿಯವರಿಗೆ. ಸಿಕ್ತು ತಾನೆ?"

"ಥರ್ಡ್ ಗ್ರೂಪ್ ಸಿಕ್ತಪ್ಪ."

"ಸೀಟ್ ಇರ್ಲಿಲ್ವಾ?"

ಇರಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಇಷ್ಟ ಕೇಳುವ ಅಪ್ಪ ನನಗೆ ಉಳಿದುಕೊಳ್ಳುತ್ತಿದ್ದರು. ಕಾನ್ವೆಂಟಿನ ಹುಡುಗಿ ಸುಳ್ಳು ಹೇಳುವುದಿಲ್ಲ.

"ಒಂದಿತ್ತು. ಕವಿತಾಗೆ ಬಿಟ್ಕೊಟ್ಟೆ. ಅವಳು ಅಳ್ತಿದ್ಲು."

"ಮತ್ತೆ ನಿನಗೆ?"

"ನನಗೆ ಏನಾದ್ರೂ ಸರಿ ಅಪ್ಪ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡಿ, ಕಾಮರ್ಸ್ ಆದ್ರೆ ಬ್ಯಾಂಕ್ ಕೆಲ್ಸಕ್ಕೆ ಸುಲಭ. ಎಷ್ಟು ಒಳ್ಳೇ ಮನಸ್ಸು ನೋಡಿ ಮಗೂದು," ಎಂದಳು. ಅಜ್ಜಿ ಜಪದ ನಡುವೆಯೇ ಹೂಂಗುಟ್ಟಿದಳು. ರೂಪಾ ಮಾತ್ರ ಪುಸ್ತಕದಿಂದ ತಲೆಯೆತ್ತಿ, "ಥೂ, ಪೆದ್ದಿ," ಎಂದಳು. ಇವತ್ತಿನವರೆಗೂ ಅದರ ಬಗ್ಗೆ ನನಗೆ ಯಾರಾದರೂ ಹೇಳಿದ ಸರಿಯಾದ ಮಾತು ಅದೊಂದೇ. ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಅತ್ತು, ಅತ್ತದ್ದರಲ್ಲಿ ನಿಜ ಹೊರಬಂದು, ಮರುದಿನ ಅವರು ಅರ್ಧ ದಿನ ರಜೆ ಹಾಕಿ ಶಾಲೆಗೆ ಬಂದು ಸಿಸ್ಟರ್ ಮುಂದೆ ನಿಲ್ಲುತ್ತಿದ್ದರೇನೋ. ಅವರು ಚಪ್ಪಲಿ ಬಿಟ್ಟು ಕೂತರು. ಭೂತಗನ್ನಡಿಯನ್ನು ಮತ್ತೆ ಕಾಗದದಲ್ಲಿ ಸುತ್ತಿದರು.

"ನಿನ್ನ ಕೇಳಿ ಕೇಳಿ ನನಗೇ ಸಾಕಾಯ್ತಮ್ಮ," ಎಂದರು. "ಏನಾದ್ರೂ ಸರಿ ಅನ್ನೋರನ್ನ ಏನಂತ ಕೇಳೋದು? ಇನ್ನು ಕೇಳಲ್ಲ."

ಅವರು ಆಡಿದ ಹಾಗೆ ನಡೆದುಕೊಂಡರು. ಶನಿವಾರದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ತಲೆಯೆತ್ತದೆ ಕೋಸು ಎಂದು ಬರೆದು ರೂಪಾಳ ಹೆಸರಿಗೆ ಹೋಗುತ್ತಿದ್ದರು. ಡಿಗ್ರಿಗೆ ಎಲ್ಲಿ, ಮದುವೆಗೆ ಯಾರು, ಯಾವುದನ್ನೂ ನನ್ನನ್ನು ಕೇಳಲಿಲ್ಲ. ಒಳ್ಳೆಯದನ್ನೇ ನೋಡಿ ಮಾಡಿದರು. ನನ್ನವರು ಕೆಟ್ಟವರಲ್ಲ, ನನ್ನ ಮನೆ ಚೆನ್ನಾಗಿದೆ. ಇಡೀ ಊರಿನಲ್ಲಿ ಮಗಳ ಇಷ್ಟ ಕೇಳುತ್ತಿದ್ದ ಒಬ್ಬ ಅಪ್ಪ ನನಗೆ ಸಿಕ್ಕಿದ್ದರು, ಅವರ ಕೇಳುವ ಆಸೆಯನ್ನೇ ನಾನು ಬತ್ತಿಸಿಬಿಟ್ಟೆ. ಅದಕ್ಕೆ ಯಾವ ಮಣಿ ಎಳೆಯಬೇಕೆಂದು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತೆ. ದಾರವನ್ನು ಜೇಬಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಹತ್ತರಲ್ಲಿ ಎಂಟು ಮಣಿ ಸರಿದಿದ್ದವು, ಇನ್ನೆರಡಕ್ಕೆ ಏನು ಬಿಡುವುದೆಂದು ನನಗೆ ಹೊಳೆಯುತ್ತಿರಲಿಲ್ಲ. ಬೇಲಿಯಾಚೆ ಡಾಫ್ನಿ ಆಂಟಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರು ಪಕ್ಕದ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ ಹೆಂಗಸು. ಗಂಡ ಹುಬ್ಬಳ್ಳಿಯಲ್ಲಿ ಗಾರ್ಡ್ ಆಗಿದ್ದಾಗ ಕಲಿತ ಕನ್ನಡಕ್ಕೆ ಪೆರಂಬೂರಿನ ತಮಿಳನ್ನೂ ಮನೆಯ ಇಂಗ್ಲಿಷನ್ನೂ ಬೆರೆಸಿ ನಮ್ಮೊಂದಿಗೆ ಮಾತಾಡುತ್ತಿದ್ದರು. ಬಾಯಲ್ಲಿ ಎರಡು ಬಟ್ಟೆ ಕ್ಲಿಪ್ಪು ಕಚ್ಚಿಕೊಂಡೇ ಕೇಳಿದರು.

"ಏನ್ ಬೇಬಿ, ಮುಖ ಯಾಕೆ ಹಂಗೈತಿ? ಅಪ್ಪ ಬೈದ್ರಾ ಮಾ?"

"ಇಲ್ಲ ಆಂಟಿ."

"ಮಡಿಲಾಗ ಏನದು? ತೋರ್ಸು." ಬೇಲಿಯ ಮೇಲೆ ಬಗ್ಗಿ ನೋಡಿ, ಕ್ಲಿಪ್ಪು ಬಾಯಿಂದ ತೆಗೆದು ನಕ್ಕರು. "ಓ ಗಾಡ್, ಸ್ಯಾಕ್ರಿಫೈಸ್ ಬೀಡ್ಸ್! ನಾವು ಸಣ್ಣೋರಿದ್ದಾಗ ನಮಗೂ ಕೊಡ್ತಿದ್ರು. ಇದು ನಿನ್ನ ಹತ್ರ ಹ್ಯಾಂಗ್ ಬಂತು?"

ತೋರಿಸಿದ್ದು ಹೇಳಿದಂತೆಯೋ ಅಲ್ಲವೋ ಎಂದು ಯೋಚಿಸುತ್ತಲೇ ಹೇಳಿದೆ. "ಸಿಸ್ಟರ್ ಕೊಟ್ರು. ಸಿಕ್ಸ್ತ್ ಸ್ಟ್ಯಾಂಡರ್ಡಲ್ಲಿ. ಇದನ್ನ ಮುಗಿಸೋದು ಹೇಗೆ ಆಂಟಿ?"

"ಮುಗಿಸೋದು ಏನು? ಅದೇ ಮುಗೀತೈತಿ. ಈಸ್ಟರ್‌ಗೆ ಮೊದಲು ನಲವತ್ತು ದಿನ, ಅಷ್ಟೇ ಮಾ. ರಜಾ ಬಿಡೋ ದಿನ ಸಿಸ್ಟರ್ ಎಲ್ಲಾರ ಹತ್ರ ದಾರ ವಾಪಸ್ ತಗೊಂಡು, ಒಬ್ಬೊಬ್ರಿಗೆ ಒಂದ್ ಚಾಕಲೇಟ್ ಕೊಡ್ತಾರ. ಆಮೇಲೆ ಯಾರು ಬಿಡ್ತಾರ? ಬಿಟ್ಟಿದ್ದೆಲ್ಲ ಸೇರ್ಸಿ ಈಸ್ಟರ್ ದಿನ ತಿಂದ್ ಹಾಕ್ತೀವಿ." ಆ ವರ್ಷ ದಾರ ವಾಪಸು ತೆಗೆದುಕೊಂಡ ದಿನ ನಾನು ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಆಂಟಿ ದಿಂಬಿನ ಚೀಲವೊಂದನ್ನು ಒದರಿ ಹೆಗಲಿಗೆ ಹಾಕಿಕೊಂಡು ಒಳಗೆ ಹೊರಟವರು, ಬಾಗಿಲ ಹತ್ತಿರ ಏನೋ ನೆನಪಾದವರಂತೆ ತಿರುಗಿದರು. "ನಿನ್ನ ಚಾಕಲೇಟ್ ಅವರ ಹತ್ರಾನೇ ಉಳ್ಕೊಂಡಿರ್ಬೇಕು ನೋಡು. ನಾಳೆ ಹೋಗಿ ಕೇಳು."